ಓದುಗರ ಪ್ರಶ್ನೆ, ವೈದ್ಯೆಯ ಉತ್ತರ: ಮೊದಲ 28 ದಿನ ದಾಟದ ಕೂಸುಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲಿದ್ದವು. ಅಭಿವೃದ್ಧಿ ಹೊಂದುತ್ತಿರುವ ದೇಶಗಳಲ್ಲಿ ಹಸುಗೂಸುಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಹೋಗುವುದು ಯಾಕೆ ಅಂತ. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಮೀಸಲು. ಬರೆದವರ ಹೆಸರು, ಊರು ಹಾಕಿಲ್ಲ. ಉದ್ದದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ. ಸುಮಾರು ಪತ್ರಗಳು ಸುತ್ತಿ ಬಳಸಿ ‘ತಾಯಿ ಎಲ್ಲಿ ತಪ್ಪಿದಳು’ ಅಂತಲೇ ಕೇಳುತ್ತವೆ. ಆ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಯಾಕೆ ಅನ್ನುವುದು ಉತ್ತರಗಳಲ್ಲೇ ಬರುತ್ತದೆ.

ಪ್ರಶ್ನೆ: ನಾನು ಶಾಲಾ ಶಿಕ್ಷಕ. ಮಕ್ಕಳ ಸಾವು ಜಗತ್ತಿನಾದ್ಯಂತ ಕಡಿಮೆಯಾಗಿದೆ ಅಂತ ಪಾಠ ಮಾಡುತ್ತೇನೆ. ಆದರೆ ಹುಟ್ಟಿದ ಕೂಸುಗಳ ಸಾವು ಅಷ್ಟು ಬೇಗ ಇಳಿದಿಲ್ಲ ಅಂತ ಎಲ್ಲೋ ಓದಿದೆ. ಎರಡೂ ನಿಜವಾ ಮೇಡಂ?

ಉತ್ತರ: ಎರಡೂ ನಿಜ ಮೇಷ್ಟ್ರೇ. 1990ರಲ್ಲಿ ಸಾವಿರ ಮಕ್ಕಳು ಹುಟ್ಟಿದರೆ ಅದರಲ್ಲಿ 93 ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2022ರ ಹೊತ್ತಿಗೆ ಅದು 37ಕ್ಕೆ ಇಳಿಯಿತು. ಮೊದಲ 28 ದಿನದ ಸಾವು ಅದೇ ಅವಧಿಯಲ್ಲಿ ಸಾವಿರಕ್ಕೆ 37ರಿಂದ 17ಕ್ಕೆ ಬಂತು. ಅಂದರೆ ಇದೂ ಇಳಿದಿದೆ, ಆದರೆ ನಿಧಾನವಾಗಿ. ಹಾಗಾಗಿ ಒಟ್ಟು ಮಕ್ಕಳ ಸಾವಿನಲ್ಲಿ ಹಸುಗೂಸುಗಳ ಪಾಲು ಏರುತ್ತಾ ಹೋಯಿತು. 1990ರಲ್ಲಿ ಶೇಕಡಾ 40ರ ಆಸುಪಾಸು ಇದ್ದದ್ದು 2022ರಲ್ಲಿ ಶೇಕಡಾ 47 ಆಯಿತು. ಲೆಕ್ಕದಲ್ಲಿ ಹೇಳುವುದಾದರೆ 2022 ಒಂದೇ ವರ್ಷದಲ್ಲಿ 23 ಲಕ್ಷ ಕೂಸುಗಳು ಮೊದಲ ತಿಂಗಳನ್ನು ದಾಟಲಿಲ್ಲ.

ಯಾಕೆ ಈ ವ್ಯತ್ಯಾಸ? ದಡಾರಕ್ಕೆ ಲಸಿಕೆ ಇದೆ. ಭೇದಿಗೆ ಓಆರ್‌ಎಸ್ ಇದೆ. ಇವನ್ನು ಮನೆ ಬಾಗಿಲಿಗೆ ಒಯ್ದು ಕೊಡಬಹುದು, ಒಂದು ದಿನ ಗೊತ್ತುಮಾಡಿ ಊರಿಗೆ ಊರೇ ಲಸಿಕೆ ಹಾಕಿ ಬರಬಹುದು. ಹೆರಿಗೆ ಹಾಗಲ್ಲ ಅಲ್ವಾ? ಅದು ನಡುರಾತ್ರಿ ಬರುತ್ತದೆ, ಮಳೆಯಲ್ಲಿ ಬರುತ್ತದೆ, ಹೇಳಿದ ದಿನಕ್ಕಿಂತ ಎರಡು ತಿಂಗಳು ಮೊದಲೇ ಬರುತ್ತದೆ. ಆ ಹೊತ್ತಿಗೆ ಕಲಿತ ಕೈ ಒಂದು ಅಲ್ಲೇ ಇರಬೇಕು. ಈ ಸಾವುಗಳಲ್ಲಿ ಮುಕ್ಕಾಲು ಪಾಲು ಮೊದಲ ವಾರದಲ್ಲೇ ಆಗುತ್ತವೆ, ಸುಮಾರು ಹತ್ತು ಲಕ್ಷ ಸಾವು ಮೊದಲ 24 ಗಂಟೆಯಲ್ಲೇ. ಇಡೀ ಬಾಲ್ಯದಲ್ಲಿ ಇಷ್ಟು ಅಪಾಯದ ದಿನ ಇನ್ನೊಂದಿಲ್ಲ.

ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ 2022ರಲ್ಲಿ ಸಾವಿರಕ್ಕೆ 27 ಕೂಸುಗಳು ಹೋದವು. ವಿಶ್ವಸಂಸ್ಥೆ ಇಟ್ಟುಕೊಂಡ ಗುರಿ ಏನಂದರೆ 2030ರ ಒಳಗೆ ಪ್ರತಿ ದೇಶವೂ 12ಕ್ಕೋ ಅದಕ್ಕಿಂತ ಕೆಳಕ್ಕೋ ಬರಬೇಕು. ಇದು ಶ್ರೀಮಂತ ದೇಶಗಳಿಗೆ ಮಾತ್ರ ಆಗುವ ಕೆಲಸ ಅಂದುಕೊಳ್ಳಬೇಡಿ. ಶ್ರೀಲಂಕಾ ಶ್ರೀಮಂತ ದೇಶವೇನಲ್ಲ, ಆದರೂ ಅಲ್ಲಿ ಇದು 5ರ ಆಸುಪಾಸಿದೆ. ಅಲ್ಲಿ ತರಬೇತಿ ಪಡೆದ ಸೂಲಗಿತ್ತಿಯರು ಹಳ್ಳಿ ಹಳ್ಳಿಯಲ್ಲಿ ದಶಕಗಳಿಂದ ಇದ್ದಾರೆ, ಹೆಣ್ಣುಮಕ್ಕಳು ಓದಿದ್ದಾರೆ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೇಳುವುದಿಲ್ಲ. ಇದನ್ನೂ ನಿಮ್ಮ ಮಕ್ಕಳಿಗೆ ಹೇಳಿ.

ಪ್ರಶ್ನೆ: ನರ್ಸಿಂಗ್ ಎರಡನೇ ವರ್ಷದಲ್ಲಿದ್ದೇನೆ. ತಿಂಗಳು ತುಂಬದೆ ಹುಟ್ಟುವುದು, ಹುಟ್ಟುವಾಗ ಉಸಿರುಗಟ್ಟುವುದು, ನಂಜು, ಹುಟ್ಟಿನಿಂದ ಬಂದ ಅಂಗದೋಷ, ಈ ನಾಲ್ಕು ಕಾರಣ ಬರೆದರೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ಕೊಡುತ್ತಾರೆ. ಆದರೆ ವಾರ್ಡಿನಲ್ಲಿ ನೋಡಿದರೆ ಒಂದು ಮಗುವಿಗೆ ಒಂದೇ ಕಾರಣ ಇರುವುದೇ ಇಲ್ಲ. ನಾನು ತಪ್ಪು ತಿಳಿದಿದ್ದೇನಾ?

ಉತ್ತರ: ಇಲ್ಲ ತಂಗಿ, ಸರಿಯಾಗೇ ನೋಡಿದ್ದೀಯ. ಆ ನಾಲ್ಕು ಕಾರಣ ಸರಿ. ಜಗತ್ತಿನ ಹಸುಗೂಸುಗಳ ಸಾವಿನಲ್ಲಿ ಬಹುಪಾಲು ಅವುಗಳಿಂದಲೇ ಆಗುವುದು. ಆದರೆ ಅವು ಸಾವಿನ ಪತ್ರದಲ್ಲಿ ಬರೆಯುವ ಕಾರಣಗಳು, ಕಡೆಯಲ್ಲಿ ಏನಾಯಿತು ಅನ್ನುವುದು ಅಷ್ಟೇ. ಅದರ ಹಿಂದೆ ತಿಂಗಳುಗಟ್ಟಲೆ ಕತೆ ಇರುತ್ತದೆ.

ಹೀಗೊಂದು ಮಗುವನ್ನು ಊಹಿಸಿಕೋ. ಆರನೇ ದಿನ ತೀರಿಕೊಂಡಿತು, ಪತ್ರದಲ್ಲಿ ‘ನಂಜು’, ಅಂದರೆ ಮೈಗೆಲ್ಲ ಹರಡಿದ ಸೋಂಕು, ಅಂತ ಬರೆದರು. ನಂಜು ಯಾಕೆ ಏರಿತು? ಮಗು 33 ವಾರಕ್ಕೇ ಹುಟ್ಟಿತ್ತು, ಚರ್ಮ ತೆಳ್ಳಗೆ, ರೋಗ ತಡೆಯುವ ಶಕ್ತಿ ಕಡಿಮೆ. ಬೇಗ ಯಾಕೆ ಹುಟ್ಟಿತು? ತಾಯಿಗೆ ಮೂತ್ರದ ಸೋಂಕಿತ್ತು, ಯಾರೂ ಪರೀಕ್ಷೆ ಮಾಡಿರಲಿಲ್ಲ. ಅವಳಿಗೆ ವಯಸ್ಸು 18, ರಕ್ತಹೀನತೆ ಬೇರೆ, ಹಿಂದಿನ ಹೆರಿಗೆ ಆಗಿ ಒಂದು ವರ್ಷವೂ ಆಗಿರಲಿಲ್ಲ. ಹುಟ್ಟಿದ ಮೇಲೆ ಮಗು ತಣ್ಣಗಾಯಿತು. ತಣ್ಣಗಾದ ಮಗುವಿಗೆ ಚೀಪುವ ಶಕ್ತಿ ಬರಲಿಲ್ಲ. ಎದೆಹಾಲು ಹೋಗಲಿಲ್ಲ ಅಂತ ಬಾಟಲಿ ಹಾಲು ಕೊಟ್ಟರು, ಆ ಬಾಟಲಿ ಶುದ್ಧವಿರಲಿಲ್ಲ. ಮಗು ಮಂಕಾದದ್ದು ಗೊತ್ತಾಗಿ, ದುಡ್ಡು ಹೊಂದಿಸಿ, ವಾಹನ ಹುಡುಕಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಒಂದೂವರೆ ದಿನ ಕಳೆದಿತ್ತು. ಈಗ ಹೇಳು, ಈ ಮಗುವಿನ ಸಾವಿಗೆ ಒಂದು ಕಾರಣ ಬರೆ ಅಂದರೆ ಯಾವುದನ್ನು ಬರೆಯುತ್ತೀಯ?

ಇದರಲ್ಲಿ ನೋಡಬೇಕಾದ್ದು ಏನಂದರೆ ಯಾವ ಹಂತದಲ್ಲಿ ಬೇಕಾದರೂ ಯಾರಾದರೂ ತಡೆಯಬಹುದಿತ್ತು. ಒಂದು ಮೂತ್ರ ಪರೀಕ್ಷೆ. ಕಬ್ಬಿಣದ ಮಾತ್ರೆ. ತಾಯಿಯ ಎದೆಯ ಬಿಸಿ. ಲೋಟದಲ್ಲಿ ಹಿಂಡಿ ಕುಡಿಸಿದ ಎದೆಹಾಲು. ಎರಡನೇ ದಿನವೇ ಬಂದು ನೋಡಿದ ಒಬ್ಬ ಆರೋಗ್ಯ ಕಾರ್ಯಕರ್ತೆ. ಇಂಥ ಸಾವುಗಳಲ್ಲಿ ಹೆಚ್ಚಿನವು ತಪ್ಪಿಸಬಹುದಾದವು ಅಂತ ನಾವು ಹೇಳುವುದು ಇದಕ್ಕೇ.

ಅಪಾಯ ಹೆಚ್ಚಿಸುವ ಸಂಗತಿಗಳನ್ನು ಕಂಠಪಾಠ ಮಾಡುವ ಬದಲು ಹೀಗೆ ನೆನಪಿಟ್ಟುಕೊ. ಕೆಲವು ತಾಯಿಯ ಆರೋಗ್ಯಕ್ಕೆ ಸೇರಿದವು: ಚಿಕ್ಕ ವಯಸ್ಸು, ರಕ್ತಹೀನತೆ, ಏರಿದ ಬಿಪಿ, ಸಕ್ಕರೆ, ಮಲೇರಿಯಾ, ಸಿಫಿಲಿಸ್, ಅವಳಿ ಗರ್ಭ, ಹೆರಿಗೆಗಳ ನಡುವೆ ಅಂತರ ಇಲ್ಲದಿರುವುದು. ಒಂದು ಹೆರಿಗೆ ಆಗಿ ಮತ್ತೆ ಗರ್ಭ ನಿಲ್ಲಲು ಕಡೇ ಪಕ್ಷ 24 ತಿಂಗಳ ಅಂತರ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇನ್ನು ಕೆಲವು ಹೆರಿಗೆ ಹೊತ್ತಿನವು: ನೋವು ಶುರುವಾಗಿ ದಿನವಿಡೀ ಮುಗಿಯದೇ ಇರುವುದು, ನೀರು ಒಡೆದು ಬಹಳ ಹೊತ್ತಾಗುವುದು, ಮಗು ಅಡ್ಡಡ್ಡ ಇರುವುದು, ಹೊಕ್ಕುಳಬಳ್ಳಿ ಮೊದಲು ಜಾರಿ ಬರುವುದು. ಇವೆಲ್ಲಕ್ಕೂ ಕೆಳಗೆ ಬಡತನ, ಓದು, ದಾರಿ, ದೂರ ಇವೆ. ಅವುಗಳ ಬಗ್ಗೆ ಪರೀಕ್ಷೆಯಲ್ಲಿ ಅಂಕ ಕಡಿಮೆ, ವಾರ್ಡಿನಲ್ಲಿ ಮಾತ್ರ ಅವೇ ಜಾಸ್ತಿ ಕಾಣುತ್ತವೆ.

ಪ್ರಶ್ನೆ: ನನ್ನ ಮಗು ಮೂರನೇ ದಿನ ಹೋಯಿತು ಡಾಕ್ಟ್ರೇ. ಎಂಟು ತಿಂಗಳಿಗೇ ಹುಟ್ಟಿತ್ತು. ಭಾರ ಎತ್ತಿದ್ದಕ್ಕೆ ಹೀಗಾಯಿತು ಅಂತ ಅತ್ತೆ, ನನ್ನ ಸ್ವಂತ ಅಮ್ಮ ಕೂಡ ಹೇಳುತ್ತಾರೆ. ನನ್ನಿಂದಲೇ ಆಯಿತಾ?

ಉತ್ತರ: ಇಲ್ಲಮ್ಮ. ನಿಮ್ಮ ಪತ್ರದಲ್ಲಿ ಬರೆದಿರುವ ಯಾವುದೂ ಮಗುವನ್ನು ಕೊಲ್ಲುವ ಕೆಲಸವಲ್ಲ. ಒಂದು ದಿನ ನೀರಿನ ಬಿಂದಿಗೆ ಎತ್ತಿದ್ದಕ್ಕೆ ಹೆರಿಗೆ ಎಂಟನೇ ತಿಂಗಳಿಗೆ ಬರುವುದಿಲ್ಲ. ತಿಂಗಳು ತುಂಬುವ ಮೊದಲೇ ಹೆರಿಗೆ ಆಗುವುದಕ್ಕೆ ಅನೇಕ ಸಲ ವೈದ್ಯರಿಗೂ ಕಾರಣ ಸಿಗುವುದಿಲ್ಲ. 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟಿವೆ. ಅಷ್ಟೂ ತಾಯಂದಿರು ತಪ್ಪು ಮಾಡಿದರು ಅಂತೀರಾ?

ಎಂಟು ತಿಂಗಳ ಮಗು ಒಳ್ಳೆಯ ಆರೈಕೆ ಸಿಕ್ಕರೆ ಬದುಕುತ್ತದೆ. ಶ್ರೀಮಂತ ದೇಶಗಳಲ್ಲಿ ಆ ವಯಸ್ಸಿಗೆ ಹುಟ್ಟಿದ ಮಕ್ಕಳು ಹೆಚ್ಚುಕಡಿಮೆ ಎಲ್ಲವೂ ಬದುಕುತ್ತವೆ. ತಾಯಂದಿರ ದೇಹ ಎರಡೂ ಕಡೆ ಒಂದೇ. ಸುತ್ತ ಇರುವ ಆರೈಕೆ ಬೇರೆ. ಇದನ್ನು ನಿಮ್ಮ ಅತ್ತೆಯವರಿಗೂ ಅಮ್ಮನಿಗೂ ಓದಿ ಹೇಳಿ. ಅವರಿಗೂ ದುಃಖವಾಗಿದೆ, ಆ ದುಃಖಕ್ಕೆ ಯಾರನ್ನಾದರೂ ದೂರಬೇಕು ಅನ್ನಿಸುತ್ತದೆ. ಪಕ್ಕದಲ್ಲೇ ಇರುವವರು ನೀವು, ಹಾಗಾಗಿ ನಿಮ್ಮನ್ನೇ ದೂರುತ್ತಾರೆ. ಹಾಗಂತ ಸಹಿಸಿಕೊಂಡು ಇರಿ ಅಂತ ನಾನು ಹೇಳುವುದಿಲ್ಲ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಅಂತ ಬರೆದಿದ್ದೀರಿ. ಅದಕ್ಕೆ ಡಾಕ್ಟರ ಹತ್ತಿರ ಹೋಗಿ. ಎದೆಯಲ್ಲಿ ಹಾಲು ಕಟ್ಟಿ ನೋವಾಗುತ್ತಿದ್ದರೆ ಅದನ್ನೂ ಸಂಕೋಚಪಡದೆ ಹೇಳಿ. ಮಗು ಕಳೆದುಕೊಂಡ ತಾಯಿಯೂ ಬಾಣಂತಿಯೇ. ಅವಳಿಗೂ ಆರೈಕೆ ಬೇಕು.

ಮುಂದೆ ಮತ್ತೆ ಗರ್ಭಿಣಿಯಾದಾಗ ಮೊದಲ ಭೇಟಿಯಲ್ಲೇ ‘ಹಿಂದಿನ ಮಗು ಬೇಗ ಹುಟ್ಟಿತ್ತು’ ಅಂತ ಹೇಳಿಬಿಡಿ. ಇದು ಬಹಳ ಮುಖ್ಯ, ಯಾಕೆಂದರೆ ಒಮ್ಮೆ ಹೀಗಾದವರಿಗೆ ಇನ್ನೊಮ್ಮೆ ಆಗುವ ಸಾಧ್ಯತೆ ಸ್ವಲ್ಪ ಜಾಸ್ತಿ. ಮೊದಲೇ ಗೊತ್ತಿದ್ದರೆ ಮಾಡಬಹುದಾದದ್ದು ಬಹಳ ಇದೆ. ಆಸ್ಪತ್ರೆಯಲ್ಲಿ ಕೊಟ್ಟ ಕಾಗದಗಳನ್ನು ಎಸೆಯಬೇಡಿ.

ಪ್ರಶ್ನೆ: ನನ್ನ ತಂಗಿಯ ಮಗು ಹುಟ್ಟಿದಾಗ ಅಳಲೇ ಇಲ್ಲವಂತೆ. ಕಾಲು ಹಿಡಿದು ತಲೆಕೆಳಗೆ ಮಾಡಿ ಹೊಡೆದರೆ ಉಸಿರು ಬರುತ್ತದೆ ಅಂತಾರೆ. ಹೌದಾ?

ಉತ್ತರ: ದಯವಿಟ್ಟು ಬೇಡ. ತಲೆಕೆಳಗೆ ಹಿಡಿಯುವುದು, ಬೆನ್ನಿಗೆ ಬಾರಿಸುವುದು, ತಣ್ಣೀರು ಎರಚುವುದು, ಇದರಲ್ಲಿ ಯಾವುದೂ ಉಸಿರು ತರುವುದಿಲ್ಲ. ಇರುವ ಸಮಯವನ್ನು ತಿನ್ನುತ್ತದೆ, ಮಗುವಿಗೆ ಪೆಟ್ಟೂ ಆಗಬಹುದು.

ನಡೆಯಬೇಕಾದದ್ದು ಏನು ಅಂತ ಹೇಳುತ್ತೇನೆ. ನೂರು ಮಕ್ಕಳು ಹುಟ್ಟಿದರೆ ಸುಮಾರು 85 ಮಕ್ಕಳು ತಾವಾಗೇ ಉಸಿರಾಡುತ್ತವೆ. ಇನ್ನು ಹತ್ತಕ್ಕೆ ಚೆನ್ನಾಗಿ ಒರೆಸಿ ಬೆನ್ನು ಉಜ್ಜಿದರೆ ಸಾಕು, ಅತ್ತುಬಿಡುತ್ತವೆ. ಮೂರರಿಂದ ಐದು ಮಕ್ಕಳಿಗೆ ಮಾತ್ರ ಮುಖಕ್ಕೆ ಪುಟ್ಟ ಮಾಸ್ಕ್ ಇಟ್ಟು ಗಾಳಿಚೀಲ ಒತ್ತಿ ಶ್ವಾಸಕೋಶಕ್ಕೆ ಗಾಳಿ ತುಂಬಬೇಕಾಗುತ್ತದೆ. ಔಷಧಿ, ದೊಡ್ಡ ಯಂತ್ರ ಬೇಕಾಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ ಮಕ್ಕಳಿಗೆ.

ಇದೆಲ್ಲ ಹುಟ್ಟಿದ ಮೊದಲ ಒಂದು ನಿಮಿಷದೊಳಗೆ ಆಗಬೇಕು. ಹೆರಿಗೆ ಕೋಣೆಯಲ್ಲಿ ಆ ಒಂದು ನಿಮಿಷ ಹೀಗಿರುತ್ತದೆ: ಮಗು ಬಂತು, ಮೈ ನೀಲಿ, ಕೈಕಾಲು ಬಟ್ಟೆಯಂತೆ ಜೋತಿವೆ, ಸದ್ದಿಲ್ಲ. ಒಣ ಬಟ್ಟೆಯಲ್ಲಿ ತಲೆಯಿಂದ ಕೆಳಕ್ಕೆ ಒರೆಸುತ್ತಾರೆ, ಒದ್ದೆ ಬಟ್ಟೆ ಆಚೆ ಎಸೆದು ಇನ್ನೊಂದು ಹಾಸುತ್ತಾರೆ. ಬೆನ್ನುಮೂಳೆಯ ಉದ್ದಕ್ಕೂ ಎರಡು ಮೂರು ಸಲ ಉಜ್ಜುತ್ತಾರೆ. ಆಗಲೂ ಉಸಿರಿಲ್ಲ ಅಂದರೆ ಬಳ್ಳಿ ಕತ್ತರಿಸಿ, ಕತ್ತು ನೇರ ಮಾಡಿ, ಮೂಗು ಬಾಯಿ ಎರಡೂ ಮುಚ್ಚುವಂತೆ ಮಾಸ್ಕ್ ಇಟ್ಟು ಒತ್ತುತ್ತಾರೆ. ಎದೆ ಏರುತ್ತಿದೆಯಾ ಅಂತ ನೋಡುತ್ತಾ, ನಿಮಿಷಕ್ಕೆ ಸುಮಾರು 40 ಸಲ. ಎದೆ ಏರಿತು ಅಂದರೆ ಗಾಳಿ ಹೋಯಿತು ಅಂತ. ಬಹಳಷ್ಟು ಮಕ್ಕಳು ಇಷ್ಟರಲ್ಲೇ ಮುಖ ಕಿವುಚಿ ಅಳುತ್ತವೆ. ಆ ಅಳು ಕೇಳಿದಾಗ ಕೋಣೆಯಲ್ಲಿರುವವರೆಲ್ಲ ಒಟ್ಟಿಗೆ ಉಸಿರು ಬಿಡುತ್ತೇವೆ.

ಇದನ್ನು ಕಲಿಯಲು ಎಂಬಿಬಿಎಸ್ ಬೇಕಿಲ್ಲ. ತಾಂಜಾನಿಯಾದ ಎಂಟು ಆಸ್ಪತ್ರೆಗಳಲ್ಲಿ ಸೂಲಗಿತ್ತಿ ನರ್ಸ್‌ಗಳಿಗೆ ಇಷ್ಟನ್ನೇ ಬೊಂಬೆಯ ಮೇಲೆ ಕಲಿಸಿದರು. ಮೊದಲ 24 ಗಂಟೆಯ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. 2013ರಲ್ಲಿ ಆ ವರದಿ ಬಂತು. ಆದರೆ ಒಮ್ಮೆ ಕಲಿತು ಬಿಟ್ಟರೆ ಸಾಲದು, ಕೈಗೆ ಅಭ್ಯಾಸ ತಪ್ಪುತ್ತದೆ, ಮತ್ತೆ ಮತ್ತೆ ಮಾಡಿಸಬೇಕು.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ನೋವು ಬೇಗ ಬರಲಿ ಅಂತ ಮನೆಯಲ್ಲೇ ಯಾರ ಕೈಯಲ್ಲೋ ಆಕ್ಸಿಟೋಸಿನ್ ಇಂಜೆಕ್ಷನ್ ಹಾಕಿಸುವ ಪರಿಪಾಠ ಅನೇಕ ದೇಶಗಳಲ್ಲಿದೆ. ಇದು ತುಂಬಾ ಅಪಾಯ. ಗರ್ಭಕೋಶ ಬಿಡುವೇ ಇಲ್ಲದೆ ಬಿಗಿಯುತ್ತದೆ, ಎರಡು ನೋವಿನ ನಡುವೆ ಮಗುವಿಗೆ ಸಿಗಬೇಕಾದ ರಕ್ತ, ಆಮ್ಲಜನಕ ಸಿಗುವುದಿಲ್ಲ, ಒಳಗೇ ಉಸಿರುಕಟ್ಟುತ್ತದೆ. ಗರ್ಭಕೋಶ ಹರಿದು ತಾಯಿಯೂ ಹೋಗಬಹುದು. ಆ ಔಷಧಿ ಒಳ್ಳೆಯದೇ, ಆದರೆ ಆಸ್ಪತ್ರೆಯಲ್ಲಿ, ಹನಿ ಹನಿ ಲೆಕ್ಕ ಹಾಕಿ, ಮಗುವಿನ ಎದೆಬಡಿತ ಕೇಳುತ್ತಾ ಕೊಡಬೇಕು. ನಿಮ್ಮ ತಂಗಿಗೆ ಅಂಥದ್ದೇನಾದರೂ ಕೊಟ್ಟಿದ್ದರಾ ಕೇಳಿ ನೋಡಿ, ಮುಂದಿನ ಸಲದ ಎಚ್ಚರಿಕೆಗೆ.

ಪ್ರಶ್ನೆ: ನಮ್ಮ ಮಗು 1 ಕೆಜಿ 600 ಗ್ರಾಂ ಇದೆ. ಕಾಂಗರೂ ಥರ ಎದೆ ಮೇಲೆ ಕಟ್ಟಿಕೊಳ್ಳಿ ಅಂದರು. ಯಂತ್ರದಲ್ಲಿ ಇಡುವ ಬದಲು ಸುಮ್ನೆ ಸಮಾಧಾನಕ್ಕೆ ಹೇಳಿದರಾ? ಅಪ್ಪನೂ ಮಾಡಬಹುದಾ?

ಉತ್ತರ: ಸಮಾಧಾನಕ್ಕೆ ಹೇಳಿದ್ದಲ್ಲ, ಅದು ಚಿಕಿತ್ಸೆ. ಅಪ್ಪನೂ ಮಾಡಬಹುದು, ಅಜ್ಜಿಯೂ ಮಾಡಬಹುದು.

ಇದು ಶುರುವಾದದ್ದು ಕೊಲಂಬಿಯಾದ ಬೊಗೋಟಾದಲ್ಲಿ, 1978ರಲ್ಲಿ. ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು (ಕೂಸನ್ನು ಬೆಚ್ಚಗಿಡುವ ಯಂತ್ರಗಳು) ಸಾಲದೆ ಒಂದೊಂದರಲ್ಲಿ ಇಬ್ಬಿಬ್ಬರು ಮಕ್ಕಳನ್ನು ಇಡಬೇಕಾಗಿತ್ತು, ಒಂದರ ನಂಜು ಇನ್ನೊಂದಕ್ಕೆ ಹತ್ತುತ್ತಿತ್ತು. ಎಡ್ಗರ್ ರೇ ಸನಾಬ್ರಿಯಾ ಅನ್ನುವ ವೈದ್ಯರು ಮಕ್ಕಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಅಂದರೆ ಇದು ಇಲ್ಲದ ಕಡೆ ಹುಟ್ಟಿದ ಉಪಾಯ. ಆದರೆ ಈಗ ಎಲ್ಲ ಸೌಕರ್ಯ ಇರುವ ಕಡೆಯೂ ಇದನ್ನೇ ಮಾಡುತ್ತಾರೆ, ಯಾಕೆಂದರೆ ಕೆಲಸ ಮಾಡುತ್ತದೆ. 2021ರಲ್ಲಿ ಘಾನಾ, ಭಾರತ, ಮಲಾವಿ, ನೈಜೀರಿಯಾ, ತಾಂಜಾನಿಯಾದ ಆಸ್ಪತ್ರೆಗಳ ಅಧ್ಯಯನ ಒಂದು ಹೊರಬಂತು. 1 ಕೆಜಿಯಿಂದ 1 ಕೆಜಿ 800 ಗ್ರಾಂ ಒಳಗಿನ ಮಕ್ಕಳು, ಸರಿಯಾಗಿ ನಿಮ್ಮ ಮಗುವಿನಂಥವು. ಮಗು ಸ್ಥಿರವಾಗಲಿ ಅಂತ ಕಾಯದೆ ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರು ಮಾಡಿದಾಗ ಸಾವು ಕಾಲು ಭಾಗ ಕಡಿಮೆಯಾಯಿತು.

ಮಗುವಿಗೆ ಟೋಪಿ, ಕಾಲುಚೀಲ, ಡಯಾಪರ್ ಬಿಟ್ಟು ಬೇರೇನೂ ಬೇಡ. ನಿಮ್ಮ ಎದೆಯ ಚರ್ಮಕ್ಕೆ ಅದರ ಎದೆ ತಾಗಬೇಕು. ತಲೆ ಒಂದು ಪಕ್ಕಕ್ಕೆ ತಿರುಗಿರಲಿ, ಮೂಗು ಕಾಣುತ್ತಿರಲಿ, ಕಪ್ಪೆಯ ಹಾಗೆ ಕಾಲು ಮಡಚಿರಲಿ. ಮೇಲೆ ಬಟ್ಟೆ ಬಿಗಿಯಾಗಿ ಸುತ್ತಿ. ಅರ್ಧ ಗಂಟೆ ಇಟ್ಟು ತೆಗೆದರೆ ಪ್ರಯೋಜನ ಕಡಿಮೆ. ದಿನಕ್ಕೆ ಎಂಟು ಗಂಟೆಯಿಂದ ಮೇಲಕ್ಕೆ, ಆದಷ್ಟೂ ಜಾಸ್ತಿ ಹೊತ್ತು. ಇಲ್ಲೇ ಅಪ್ಪ ಬೇಕಾಗುವುದು. ಒಬ್ಬ ಬಾಣಂತಿಯಿಂದ ಅಷ್ಟು ಹೊತ್ತು ಆಗುವುದಿಲ್ಲ, ಅವಳು ಊಟ ಮಾಡಬೇಕು, ಮಲಗಬೇಕು. ಹಾಲು ಕುಡಿಸುವ ಹೊತ್ತು ಬಿಟ್ಟು ಉಳಿದದ್ದನ್ನು ನೀವು ಹಂಚಿಕೊಳ್ಳಿ. ಮೊದಲ ದಿನ ಕೈ ನಡುಗುತ್ತದೆ, ಆಮೇಲೆ ಕೆಳಗಿಳಿಸಲು ಮನಸ್ಸೇ ಬರುವುದಿಲ್ಲ.

ಕೆಲವರು ‘ಬೇಗ ಹುಟ್ಟುವ ಮಗುವಿಗೆ ತಾಯಿಗೆ ಕೊಡುವ ಇಂಜೆಕ್ಷನ್ ಇದೆಯಂತೆ’ ಅಂತಲೂ ಕೇಳಿದ್ದಾರೆ, ಅದಕ್ಕೂ ಇಲ್ಲೇ ಹೇಳಿಬಿಡುತ್ತೇನೆ. ಇದೆ. ಡೆಕ್ಸಾಮೆಥಾಸೋನ್‌ನಂಥ ಸ್ಟೆರಾಯ್ಡ್, 24ರಿಂದ 34 ವಾರದೊಳಗೆ ಹೆರಿಗೆ ಆಗುವ ಸೂಚನೆ ಇದ್ದಾಗ ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. 2020ರಲ್ಲಿ ಬಾಂಗ್ಲಾದೇಶ, ಭಾರತ, ಕೀನ್ಯಾ, ನೈಜೀರಿಯಾ, ಪಾಕಿಸ್ತಾನದ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದಲ್ಲಿ ಇದರಿಂದ ಹಸುಗೂಸುಗಳ ಸಾವು ಕಡಿಮೆಯಾಯಿತು. ಆದರೆ ಅದಕ್ಕೂ ಮೊದಲು, 2015ರಲ್ಲಿ ವರದಿಯಾದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಅಭಿವೃದ್ಧಿ ಹೊಂದುತ್ತಿರುವ ಆರು ದೇಶಗಳ ಹಳ್ಳಿ ಪಟ್ಟಣಗಳಲ್ಲಿ ಇದರ ಬಳಕೆ ಹೆಚ್ಚಿಸಿದಾಗ ಒಟ್ಟು ಸಾವು ಕಡಿಮೆಯಾಗುವ ಬದಲು ಹೆಚ್ಚೇ ಆಗಿತ್ತು. ಅಲ್ಲಿ ಎಷ್ಟೋ ಕಡೆ ಗರ್ಭಕ್ಕೆ ಎಷ್ಟು ವಾರ ಅನ್ನುವ ಲೆಕ್ಕವೇ ಸರಿ ಇರಲಿಲ್ಲ, ದಿನ ತುಂಬಿದ ಮಕ್ಕಳ ತಾಯಂದಿರಿಗೂ ಇಂಜೆಕ್ಷನ್ ಹೋಯಿತು. ಆದ್ದರಿಂದ ವಾರದ ಲೆಕ್ಕ ಸರಿಯಾಗಿ ಗೊತ್ತಿರಬೇಕು, ತಾಯಿಗೆ ಸೋಂಕು ಇರಬಾರದು, ಹುಟ್ಟಿದ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಅಲ್ಲೇ ಇರಬೇಕು. ಮೊದಲ ಮೂರು ತಿಂಗಳಲ್ಲೇ ಸ್ಕ್ಯಾನ್ ಮಾಡಿಸಿ ಅಂತ ಹೇಳುವುದು ಇದಕ್ಕೂ ಹೌದು.

ಪ್ರಶ್ನೆ: ನಮಗೆ ಆಸ್ಪತ್ರೆ ಬಹಳ ದೂರ. ಕೂಸಿಗೆ ನಂಜಾಗಿದೆ ಅಂತ ಮನೆಯಲ್ಲಿ ಹೇಗೆ ಗುರುತಿಸುವುದು? ಹೊಕ್ಕುಳಿಗೆ ಏನು ಹಚ್ಚಬೇಕು?

ಉತ್ತರ: ಹೊಕ್ಕುಳಿನಿಂದ ಶುರು ಮಾಡೋಣ, ಅದು ಸುಲಭ. ಏನೂ ಹಚ್ಚಬೇಡಿ. ಎಣ್ಣೆ, ಬೂದಿ, ಪುಡಿ, ಸಗಣಿ ಯಾವುದೂ ಬೇಡ. ಒಣಗಲು ಬಿಡಿ, ಡಯಾಪರ್ ಅದರ ಕೆಳಗೆ ಇರಲಿ. ನೇಪಾಳದ ಹಳ್ಳಿಗಳಲ್ಲಿ ಕ್ಲೋರ್‌ಹೆಕ್ಸಿಡಿನ್ ಅನ್ನುವ ಔಷಧಿ ಹಚ್ಚಿದಾಗ ಸಾವು ಕಡಿಮೆಯಾದದ್ದು 2006ರಲ್ಲಿ ವರದಿಯಾಯಿತು. ಆದರೆ ಅದು ಹೊಕ್ಕುಳಿಗೆ ಅಪಾಯದ ವಸ್ತು ಹಚ್ಚುವುದು ಜಾಸ್ತಿ ಇರುವ ಕಡೆಗೆ ಅನ್ವಯಿಸುವ ಮಾತು. ಆರೋಗ್ಯ ಕಾರ್ಯಕರ್ತೆ ಕೊಟ್ಟರೆ ಮಾತ್ರ ಬಳಸಿ. ಕಣ್ಣಿಗೆ ಹಾಕುವ ಔಷಧಿ ಅಂದುಕೊಂಡು ಕೆಲವು ಕಡೆ ಮಕ್ಕಳ ಕಣ್ಣಿಗೇ ಹಾಕಿ ಕಣ್ಣು ಹಾಳಾದ ಪ್ರಕರಣಗಳಿವೆ.

ಬಳ್ಳಿ ಕತ್ತರಿಸುವ ಬ್ಲೇಡು ಹೊಸದಿರಬೇಕು. ತಾಯಿಗೆ ಗರ್ಭಿಣಿಯಾಗಿದ್ದಾಗ ಧನುರ್ವಾಯು ಲಸಿಕೆ ಆಗಿರಬೇಕು. ಇವೆರಡರಿಂದ ಏನಾಯಿತು ಗೊತ್ತಾ? 1988ರಲ್ಲಿ ಧನುರ್ವಾಯುವಿನಿಂದ ಜಗತ್ತಿನಲ್ಲಿ ಸುಮಾರು 7 ಲಕ್ಷ 87 ಸಾವಿರ ಕೂಸುಗಳು ಸತ್ತಿದ್ದವು. 2018ರ ಅಂದಾಜು 25 ಸಾವಿರ. ಇಷ್ಟು ದೊಡ್ಡ ಗೆಲುವಿನ ಬಗ್ಗೆ ಎಷ್ಟು ಕಡಿಮೆ ಮಾತಾಡುತ್ತೇವೆ!

ಇನ್ನು ಗುರುತಿಸುವುದು. ದೊಡ್ಡವರ ಹಾಗೆ ಹಸುಗೂಸು ಜ್ವರ ಬಂದು ಕೆಂಡದಂತೆ ಸುಡಬೇಕು ಅಂತಿಲ್ಲ. ನಂಜಾದ ಕೂಸು ಎಷ್ಟೋ ಸಲ ತಣ್ಣಗಾಗುತ್ತದೆ. ಮೊದಲು ಬದಲಾಗುವುದು ಹಾಲು ಕುಡಿಯುವುದು. ನಿನ್ನೆಯವರೆಗೆ ಚೆನ್ನಾಗಿ ಚೀಪುತ್ತಿದ್ದ ಮಗು ಇವತ್ತು ಬಾಯಿಗಿಟ್ಟರೂ ಚೀಪುತ್ತಿಲ್ಲ ಅಂದರೆ ಬೇರೆ ಯಾವ ಲಕ್ಷಣಕ್ಕೂ ಕಾಯಬೇಡಿ, ಹೊರಡಿ. ಮುಟ್ಟಿ ಅಲುಗಾಡಿಸಿದರೆ ಮಾತ್ರ ಕೈಕಾಲು ಆಡಿಸುತ್ತದೆ ಅಥವಾ ಅಷ್ಟೂ ಇಲ್ಲ, ಫಿಟ್ಸ್ ಬಂತು, ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಜಾಸ್ತಿ, ಉಸಿರೆಳೆದಾಗ ಪಕ್ಕೆ ಒಳಕ್ಕೆ ಗುಳಿ ಬೀಳುತ್ತದೆ, ಮೈ 37.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಅಥವಾ 35.5ಕ್ಕಿಂತ ಇಳಿದಿದೆ, ಹುಟ್ಟಿದ ಮೊದಲ ದಿನವೇ ಮೈ ಹಳದಿ ಅಥವಾ ಯಾವ ದಿನವಾದರೂ ಅಂಗೈ ಅಂಗಾಲು ಹಳದಿ: ಇದರಲ್ಲಿ ಒಂದಿದ್ದರೂ ಸಾಕು. ಉಸಿರು ಎಣಿಸುವಾಗ ಮಗು ಸುಮ್ಮನಿರಬೇಕು, ಪೂರ್ತಿ ಒಂದು ನಿಮಿಷ ಎಣಿಸಿ, ಜಾಸ್ತಿ ಬಂದರೆ ಇನ್ನೊಂದು ಸಲ ಎಣಿಸಿ. ದಾರಿಯಲ್ಲಿ ಮಗುವನ್ನು ಎದೆಗೆ ಅವಚಿಕೊಂಡೇ ಹೋಗಿ. ತಣ್ಣಗಾಗದಂತೆ ಕರೆದುಕೊಂಡು ಹೋದರೆ ಅರ್ಧ ಚಿಕಿತ್ಸೆ ನೀವೇ ಮಾಡಿದ ಹಾಗೆ.

ದೂರ ಇರುವವರ ಬಗ್ಗೆ ಯೋಚಿಸಿದವರೂ ಇದ್ದಾರೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ 1990ರ ದಶಕದಲ್ಲಿ ಆಯಾ ಹಳ್ಳಿಯ ಹೆಂಗಸರಿಗೇ ಕೂಸಿನ ಆರೈಕೆ ಕಲಿಸಿದರು. ಅವರು ಮನೆಗೆ ಹೋಗಿ ತೂಕ ನೋಡುತ್ತಿದ್ದರು, ಉಸಿರು ಎಣಿಸುತ್ತಿದ್ದರು, ನಂಜು ಅನ್ನಿಸಿದರೆ ಆಂಟಿಬಯಾಟಿಕ್ ಇಂಜೆಕ್ಷನ್ ಕೂಡ ಕೊಡುತ್ತಿದ್ದರು. ಬರೀ ಸ್ವಲ್ಪ ಓದಿದ ಹೆಂಗಸರು ಇಂಜೆಕ್ಷನ್ ಕೊಡುವುದಾ ಅಂತ ಆಗ ಬಹಳ ಜನ ಹುಬ್ಬೇರಿಸಿದರು. ಮೂರನೇ ವರ್ಷಕ್ಕೆ ಆ ಹಳ್ಳಿಗಳಲ್ಲಿ ಹಸುಗೂಸುಗಳ ಸಾವು ಬೇರೆ ಹಳ್ಳಿಗಳಿಗೆ ಹೋಲಿಸಿದರೆ ಶೇಕಡಾ 62ರಷ್ಟು ಕಡಿಮೆ ಇತ್ತು. ಮನೆಗೆ ಹೋಗಿ ಕೂಸನ್ನು ನೋಡುವ ಯೋಜನೆಗಳು ಆಮೇಲೆ ಎಷ್ಟೋ ದೇಶಗಳಲ್ಲಿ ಬಂದವು. ನಿಮ್ಮ ಮನೆಗೆ ಅಂಥ ಕಾರ್ಯಕರ್ತೆ ಬಂದರೆ ‘ಎಲ್ಲ ಚೆನ್ನಾಗಿದೆ’ ಅಂತ ಬಾಗಿಲಲ್ಲೇ ಕಳಿಸಬೇಡಿ. ಒಳಗೆ ಕರೆದು ಮಗುವಿನ ಬಟ್ಟೆ ಬಿಚ್ಚಿ ತೋರಿಸಿ.

ಪ್ರಶ್ನೆ: ಗಂಡುಮಗು ಗಟ್ಟಿ, ಹೆಣ್ಣುಮಗು ನಾಜೂಕು ಅಂತಾರೆ. ನಿಜವಾ?

ಉತ್ತರ: ಉಲ್ಟಾ. ಹುಟ್ಟಿದ ಮೊದಲ ದಿನಗಳಲ್ಲಿ ಗಂಡುಮಕ್ಕಳೇ ನಾಜೂಕು. ಅವರ ಶ್ವಾಸಕೋಶ ಸ್ವಲ್ಪ ತಡವಾಗಿ ಬಲಿಯುತ್ತದೆ, ಸೋಂಕೂ ಬೇಗ ತಗಲುತ್ತದೆ. ಹೀಗಾಗಿ ಇಬ್ಬರಿಗೂ ಸಮನಾದ ಆರೈಕೆ ಸಿಕ್ಕ ಕಡೆ ಗಂಡುಮಕ್ಕಳ ಸಾವೇ ಜಾಸ್ತಿ ಇರುತ್ತದೆ. ಎಲ್ಲಾದರೂ ಹೆಣ್ಣುಕೂಸುಗಳ ಸಾವು ಗಂಡಿನ ಸಮಕ್ಕೆ ಬಂದರೆ ಅಥವಾ ಮೀರಿದರೆ ಅಲ್ಲಿ ಹೆಣ್ಣುಮಗುವನ್ನು ಆಸ್ಪತ್ರೆಗೆ ಕರೆತರುವುದು ತಡವಾಗುತ್ತಿದೆ ಅಂತಲೇ ಲೆಕ್ಕ. ಇದನ್ನು ಬರೆಯುವಾಗ ಸಿಟ್ಟು ಬರುತ್ತದೆ. ಬರಲಿ.

ಪ್ರಶ್ನೆ: ಈಗ ಎಲ್ಲರೂ ಆಸ್ಪತ್ರೆಯಲ್ಲೇ ಹೆರುತ್ತಾರೆ. ಆದರೂ ಸಾವು ನಿಲ್ಲುತ್ತಿಲ್ಲವಲ್ಲ? ನಮ್ಮ ಗೆಳೆಯರ ಬಳಗ ಸ್ವಲ್ಪ ಹಣ ಕೂಡಿಸಿದೆ, ಒಂದು ಆಸ್ಪತ್ರೆಗೆ ಇನ್‌ಕ್ಯುಬೇಟರ್ ಕೊಡಿಸೋಣ ಅಂತಿದ್ದೇವೆ. ಸರಿಯಾ?

ಉತ್ತರ: ನಿಮ್ಮ ಮನಸ್ಸು ದೊಡ್ಡದು. ಕೊಡುವ ಮುಂಚೆ ಸ್ವಲ್ಪ ಕೇಳಿ.

ತಡ ಮೂರು ಕಡೆ ಆಗುತ್ತದೆ ಅಂತ 1994ರಲ್ಲಿ ಥಡ್ಡಿಯಸ್ ಮತ್ತು ಮೈನ್ ಅನ್ನುವ ಇಬ್ಬರು ಸಂಶೋಧಕಿಯರು ತೋರಿಸಿದ್ದರು. ಅವರು ಬರೆದದ್ದು ತಾಯಂದಿರ ಸಾವಿನ ಬಗ್ಗೆ, ಆದರೆ ಕೂಸುಗಳಿಗೂ ಅದು ಹಾಗೇ ಅನ್ವಯಿಸುತ್ತದೆ. ಹೋಗಬೇಕು ಅಂತ ಮನೆಯಲ್ಲಿ ತೀರ್ಮಾನಿಸಲು ತಡ. ಆಸ್ಪತ್ರೆ ಮುಟ್ಟಲು ತಡ. ಮುಟ್ಟಿದ ಮೇಲೆ ಚಿಕಿತ್ಸೆ ಸಿಗಲು ತಡ. ಹೆರಿಗೆಗಳು ಆಸ್ಪತ್ರೆಗೆ ಬಂದ ಮೇಲೆ ಮೊದಲ ಎರಡು ಕಡಿಮೆಯಾದವು, ಮೂರನೆಯದು ಎದ್ದು ಕಾಣತೊಡಗಿತು. ಕಟ್ಟಡ ಇದೆ, ರಾತ್ರಿ ಪಾಳಿಗೆ ಒಬ್ಬಳೇ ನರ್ಸ್. ಗಾಳಿಚೀಲ ಇದೆ, ಬೀರುವಿನ ಕೀಲಿ ಇನ್ಯಾರದೋ ಹತ್ತಿರ. ಹಾಸಿಗೆ ಹತ್ತು, ಮಕ್ಕಳು ಇಪ್ಪತ್ತು. ಇಂಥ ವಾರ್ಡಿನಲ್ಲಿ ನಂಜು ಮನೆಯಿಂದಲ್ಲ, ನಮ್ಮ ಕೈಯಿಂದಲೇ ಒಂದು ಮಗುವಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಕ್ಲೆಬ್ಸಿಯೆಲ್ಲಾದಂಥ ಆಸ್ಪತ್ರೆ ಬ್ಯಾಕ್ಟೀರಿಯಾಗಳಿಗೆ ಈಗ ಮಾಮೂಲಿ ಆಂಟಿಬಯಾಟಿಕ್‌ಗಳು ಎಷ್ಟೋ ಸಲ ನಾಟುವುದೇ ಇಲ್ಲ. ಅಲ್ಲಿ ಮೊದಲು ಬೇಕಾದದ್ದು ಹರಿಯುವ ನೀರು, ಸೋಪು, ಕೈ ತೊಳೆಯುವಷ್ಟು ಪುರುಸೊತ್ತು ಇರುವ ನರ್ಸ್‌ಗಳು.

ಹಾಗಾಗಿ ಆಡಳಿತದವರನ್ನು ಕೇಳುವ ಮೊದಲು ಆ ವಾರ್ಡಿನ ಹಿರಿಯ ನರ್ಸ್ ಒಬ್ಬರನ್ನು ಕೇಳಿ: ‘ಅಕ್ಕಾ, ನಿಮಗೆ ಏನು ಕಡಿಮೆ ಬೀಳುತ್ತಿದೆ?’ ಅವರು ಇನ್‌ಕ್ಯುಬೇಟರ್ ಅಂದರೆ ಅದನ್ನೇ ಕೊಡಿ. ಆದರೆ ಅವರು ಹೇಳುವುದು ಬಹುಶಃ ಬೇರೆಯೇ ಇರುತ್ತದೆ: ತಾಯಂದಿರು ಮಗುವನ್ನು ಎದೆಗೆ ಕಟ್ಟಿಕೊಂಡು ಒರಗಿ ಕೂರುವ ಕುರ್ಚಿಗಳು, ಚಿಕ್ಕ ಅಳತೆಯ ಮಾಸ್ಕ್‌ಗಳು, ಎದೆಹಾಲು ಹಿಂಡಿಡಲು ಫ್ರಿಜ್, ಪಲ್ಸ್ ಆಕ್ಸಿಮೀಟರ್. ಕೊನೆಯದರ ಬಗ್ಗೆ ಒಂದು ಮಾತು. ತಿಂಗಳು ತುಂಬದ ಮಗುವಿಗೆ ಆಮ್ಲಜನಕ ಕಡಿಮೆಯಾದರೆ ಜೀವಕ್ಕೆ ಅಪಾಯ, ಜಾಸ್ತಿಯಾದರೆ ಕಣ್ಣು ಹೋಗಬಹುದು. ಅಳೆಯುವ ಸಾಧನ ಇಲ್ಲದೆ ಸಿಲಿಂಡರ್ ತಿರುಗಿಸುವುದು ಕತ್ತಲಲ್ಲಿ ಕೈಯಾಡಿಸಿದ ಹಾಗೆ.

ಯಂತ್ರವೇ ಕೊಡುವುದಾದರೆ ಕರೆಂಟು ಹೋದಾಗ ಏನು ವ್ಯವಸ್ಥೆ, ಬಿಡಿಭಾಗ ಎಲ್ಲಿ ಸಿಗುತ್ತದೆ, ಕೆಟ್ಟರೆ ರಿಪೇರಿ ಮಾಡುವವರು ಯಾರು, ಅದರ ಖರ್ಚು ಯಾರದು ಅಂತ ಬರೆಸಿಕೊಳ್ಳಿ. ದಾನಿಗಳ ಹೆಸರು ಹೊತ್ತು ಮೂಲೆಯಲ್ಲಿ ಕೆಟ್ಟು ನಿಂತ ಯಂತ್ರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೂಡಿಸಿದ ಹಣದಲ್ಲಿ ಒಂದು ಪಾಲನ್ನು ಈಗಲೇ ರಿಪೇರಿಗೆ ಅಂತ ತೆಗೆದಿಡಿ. ನರ್ಸ್ ಅಕ್ಕ ಹೇಳಿದ್ದೇನು ಅಂತ ನನಗೂ ಬರೆಯಿರಿ, ಇದೇ ಅಂಕಣದಲ್ಲಿ ಹಾಕುತ್ತೇನೆ. ಬೇರೆ ಊರಿನ ಬಳಗಗಳೂ ಇದನ್ನೇ ಕೇಳುತ್ತಿವೆ.